ಬ್ರೇಕ್ ಆಯಿಲ್ ಸುರಿಯುವ ಮೊದಲು ಟೈರಿನ ಒಳಮೈ ಸವರಿದೆ

ಉಜಿರೆಯಲ್ಲಿ ತಂಗಿಯ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಒಂದು ಎಡ ತಿರುವಿನಲ್ಲಿ ಸ್ಪೀಡೋಮೀಟರಿನ ಪಕ್ಕದ ಕೆಂಪು ದೀಪ ಮಿಣುಕಿ ಆರಿತು. ಮುಂದಿನ ಎಡ ತಿರುವಿನಲ್ಲಿ ಮತ್ತೆ ಮಿಣುಕಿತು. “ರೀ, ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿಲ್ಲವೇನೋ ನೋಡಿ” ಎಂದಳು ನನ್ನ ಹೆಂಡತಿ. ಅದು ಇಳಿದೇ ಇತ್ತು.

ನಮ್ಮ ಕಾರಿನಲ್ಲಿ ಹ್ಯಾಂಡ್ ಬ್ರೇಕಿಗೂ ಬ್ರೇಕ್ ಆಯಿಲಿಗೂ ಒಂದೇ ದೀಪ. ಆಯಿಲ್ ಡಬ್ಬಿಯ ಮುಚ್ಚಳದ ಕೆಳಗೆ ಒಂದು ತೇಲುಗುಂಡು ಇರುತ್ತದೆ. ಮಟ್ಟ ಇಳಿದಾಗ ಅದೂ ಇಳಿದು ದೀಪ ಹೊತ್ತಿಸುತ್ತದೆ. ಮಟ್ಟ ಅಂಚಿಗೆ ಬಂದಿದ್ದರೆ ಸಮತಟ್ಟು ರಸ್ತೆಯಲ್ಲಿ ಏನೂ ಕಾಣಿಸದು. ತಿರುವಿನಲ್ಲಿ ದ್ರವ ಒಂದು ಬದಿಗೆ ವಾಲಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಕೊಟ್ಟಿಗೆಹಾರದಲ್ಲಿ ಉಳಿದವರು ನೀರುದೋಸೆಗೆ ಕುಳಿತಾಗ ನಾನು ಬಾನೆಟ್ ಎತ್ತಿ ಮೊಬೈಲ್ ಬೆಳಕಿನಲ್ಲಿ ನೋಡಿದೆ. ಆಯಿಲ್ ‘ಮಿನ್’ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿತ್ತು. ಎಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಗಟ್ಟಿಯಾಗಿ ನಿಂತಿತು. ಅದು ಕಾಲ ಕೆಳಗೆ ಮೆಲ್ಲಗೆ ಕುಸಿಯುತ್ತಾ ಹೋಗಿದ್ದರೆ ಕಾರನ್ನು ಅಲ್ಲೇ ಬಿಟ್ಟು ಬಸ್ ಹತ್ತುತ್ತಿದ್ದೆ. ನಾವು ಘಾಟಿ ಹತ್ತಿ ಬಂದಿದ್ದೆವು, ಇಳಿಯುವುದಿರಲಿಲ್ಲ, ಅದೊಂದು ಪುಣ್ಯ. ನಲವತ್ತರ ವೇಗ ಮೀರದೆ ಮನೆ ಸೇರಿದೆವು.

ಹಿಂದೆಯೂ ಒಮ್ಮೆ ಈ ದೀಪ ಹೊತ್ತಿತ್ತು. ಆಗ ನಾನು ಹಿಂದುಮುಂದು ನೋಡದೆ ಒಂದು ಬಾಟಲಿ ತಂದು ಡಬ್ಬಿಯ ಕಂಠದವರೆಗೆ ಸುರಿದು, ದೊಡ್ಡ ರಿಪೇರಿ ಮಾಡಿದವನಂತೆ ಬೀಗಿದ್ದೆ. ಎರಡು ತಿಂಗಳ ನಂತರ ಮುಂದಿನ ಬ್ರೇಕ್ ಪ್ಯಾಡ್ ಬದಲಿಸಲು ಗ್ಯಾರೇಜಿಗೆ ಹೋದಾಗ ನನ್ನ ಬುದ್ಧಿವಂತಿಕೆ ಉಕ್ಕಿ ಹರಿಯಿತು. ಪ್ಯಾಡ್ ಸವೆದಂತೆ, ಅದನ್ನು ಚಕ್ರದ ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದೆ ತೆರವಾದ ಜಾಗಕ್ಕೆ ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಅಂದರೆ ಅದು ಸೋರಿಹೋಗಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಒಳಕ್ಕೆ ಒತ್ತಿದಾಗ ಅಷ್ಟೂ ಆಯಿಲ್ ಮರಳಿ ಡಬ್ಬಿಗೆ ನುಗ್ಗಿತು. ತುಂಬಿದ ಕೊಡದಿಂದ ಚೆಲ್ಲಿದಂತೆ ಚೆಲ್ಲಿ ಪಕ್ಕದ ತಗಡಿನ ಮೇಲೆ ಇಳಿಯಿತು. ನಾವು ಬಟ್ಟೆಯಲ್ಲಿ ಒರೆಸಿ ಸುಮ್ಮನಾದೆವು. ಕೆಲವೇ ದಿನಗಳಲ್ಲಿ ಅಲ್ಲಿ ಅಂಗೈಯಗಲ ಬಣ್ಣ ಗುಳ್ಳೆಯೆದ್ದು ಸುಲಿದುಬಂತು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ಆದರೆ ನೀರಿನಲ್ಲಿ ಕರಗುತ್ತದೆ. ಚೆಲ್ಲಿದ ಕೂಡಲೇ ಒಂದು ಚೊಂಬು ನೀರು ಹಾಕಿದ್ದರೆ ಆ ಗುರುತು ಇರುತ್ತಿರಲಿಲ್ಲ.

ಹಾಗಾಗಿ ಈ ಸಲ ಬಾಟಲಿಯ ಮುಚ್ಚಳ ತೆಗೆಯುವ ಮೊದಲು, ಕಡಿಮೆಯಾದ ಆಯಿಲ್ ಹೋಯಿತೆಲ್ಲಿಗೆ ಎಂದು ಹುಡುಕಿದೆ. ಭಾನುವಾರ ಬೆಳಿಗ್ಗೆ ಅಂಗಳದ ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಬಿಚ್ಚಿದೆ. ಹೊಸ ಪ್ಯಾಡಿನಲ್ಲಿ ಸವೆಯುವ ಭಾಗ ಸುಮಾರು 10 ಮಿಲಿಮೀಟರ್ ಇರುತ್ತದೆ. 3ಕ್ಕೆ ಬಂದರೆ ಬದಲಿಸುವ ಹೊತ್ತು. ನಮ್ಮದರಲ್ಲಿ ಇನ್ನೂ ಮುಕ್ಕಾಲು ಭಾಗ ಉಳಿದಿತ್ತು. ಇನ್ನೊಂದು ಬದಿಯೂ ಹಾಗೆಯೇ. ಪ್ಯಾಡ್ ಸವೆದಿಲ್ಲ, ಆಯಿಲ್ ಇಳಿದಿದೆ. ಹಾಗಾದರೆ ಎಲ್ಲೋ ಸೋರುತ್ತಿರಬೇಕು.

ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಬುಡ, ಪೈಪುಗಳ ಕೀಲು, ಮುಂದಿನ ಚಕ್ರದ ರಬ್ಬರ್ ಹೋಸ್, ಎಲ್ಲವೂ ಒಣಗಿದ್ದವು. ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್; ಬಿಚ್ಚದೆ ಒಳಗಿನದು ಕಾಣಿಸದು. ಜಾಕ್ ಕೊಟ್ಟ ಕಾರಿನ ಅಡಿಗೆ ನಾನು ತಲೆ ತೂರಿಸುವುದಿಲ್ಲ. ಕಾರನ್ನು ನೆಲದ ಮೇಲೆಯೇ ಇಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಹಿಂದಿನ ಟೈರುಗಳ ಒಳಮೈಗೆ, ಅಂದರೆ ಕಾರಿನಡಿಯ ಕಡೆಗಿರುವ ಬದಿಗೆ, ಕೈ ಹಾಕಿ ಸವರಿದೆ. ಬಲಗಡೆಯದು ಬರೀ ಧೂಳು. ಎಡಗಡೆಯದರಲ್ಲಿ ಬೆರಳಿಗೆ ಜಿಡ್ಡು ಹತ್ತಿತು. ಟಾರ್ಚ್ ಹಿಡಿದರೆ ಧೂಳು ನೆನೆದು ಕಪ್ಪಾದ ಒಂದು ಗೆರೆ ಕೆಳಮುಖವಾಗಿ ಇಳಿದಿತ್ತು. ಗ್ರೀಸೋ ಬ್ರೇಕ್ ಆಯಿಲೋ ಎಂಬ ಅನುಮಾನಕ್ಕೆ ನಲ್ಲಿಯ ಕೆಳಗೆ ಬೆರಳು ಹಿಡಿದೆ. ಸೋಪಿಲ್ಲದೆ ಜಿಡ್ಡು ಹೋಯಿತು. ಗ್ರೀಸಾಗಿದ್ದರೆ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ.

ಇಲ್ಲಿ ನನ್ನ ಕೈಕೆಲಸ ಮುಗಿಯಿತು. ನಮ್ಮ ಬೀದಿಯ ಕೊನೆಯಲ್ಲಿರುವ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಗ್ಯಾರೇಜಿಗೆ ತರಬೇಡಿ ಸಾರ್, ನಾನೇ ಬರುತ್ತೇನೆ. ನೀವು ಆಯಿಲ್ ತಂದಿಡಿ” ಎಂದರು.

ಆಯಿಲ್ ತರುವುದರಲ್ಲೂ ಒಂದು ಎಡವಟ್ಟಿಗೆ ಜಾಗವಿದೆ. ನಾವೆಲ್ಲ ಬ್ರೇಕ್ ಆಯಿಲ್ ಎಂದೇ ಕರೆಯುತ್ತೇವೆ, ಆದರೆ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಹೆಸರು ನಂಬಿ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸುರಿದರೆ ಒಳಗಿನ ರಬ್ಬರ್ ವಾಷರುಗಳು ಊದಿಕೊಂಡು ಇಡೀ ಬ್ರೇಕ್ ವ್ಯವಸ್ಥೆಯೇ ಕೆಡುತ್ತದೆ. ಯಾವುದು ಬೇಕೆಂದು ಡಬ್ಬಿಯ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ. ನಮ್ಮದರ ಮೇಲೆ ಡಾಟ್ 3 ಎಂಬ ದರ್ಜೆಯ ಹೆಸರಿತ್ತು. ಡಾಟ್ 3 ಬೇಕಾದ ಕಡೆ ಡಾಟ್ 4 ಹಾಕಬಹುದು, ಎರಡೂ ಬೆರೆಯುತ್ತವೆ. ಡಾಟ್ 5 ಮಾತ್ರ ಕೂಡದು, ಅದು ಸಿಲಿಕೋನಿನದು.

ಮನೆಯ ಕಪಾಟಿನಲ್ಲಿ ಹಿಂದಿನ ಸಲದ ಬಾಟಲಿ ಅರ್ಧ ಉಳಿದಿತ್ತು. ಅದನ್ನು ಮುಟ್ಟಲಿಲ್ಲ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ಶೇ 3.7ರಷ್ಟು ನೀರು ಸೇರಿದಾಗ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಘಾಟಿ ಇಳಿಯುವಾಗ ಗೇರ್ ತಗ್ಗಿಸದೆ ಬ್ರೇಕನ್ನೇ ಅದುಮಿಕೊಂಡು ಬಂದರೆ ಕಾವು ಏರಿ ದ್ರವ ಕುದಿಯುತ್ತದೆ, ಪೈಪಿನಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ದ್ರವ ಒತ್ತಡವನ್ನು ದಾಟಿಸುತ್ತದೆ, ಆವಿ ತಾನೇ ಕುಗ್ಗುತ್ತದೆ. ಪೆಡಲ್ ಸ್ಪಂಜಿನಂತಾಗಿ ಒಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅರ್ಧ ಬಾಟಲಿ ಉಳಿಸಲು ಹೋಗಿ ಚಾರ್ಮಾಡಿಯಲ್ಲಿ ಇದನ್ನು ಪರೀಕ್ಷಿಸುವ ಹಂಬಲ ನನಗಿಲ್ಲ. ಡಾಟ್ 4ರ ಸೀಲ್ ಒಡೆಯದ ಬಾಟಲಿ ತಂದೆ.

ಮೆಕ್ಯಾನಿಕ್ ಡ್ರಮ್ ಬಿಚ್ಚಿದಾಗ ಒಳಗೆ ಡ್ರಮ್ಮಿಗೆ ಒತ್ತಿ ಚಕ್ರ ಹಿಡಿಯುವ ಬ್ರೇಕ್ ಶೂ ಎರಡೂ ತೊಯ್ದಿದ್ದವು. ಆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಗಡಸಾಗಿತ್ತು. ಅದರ ಅಂಚಿನಿಂದ ಆಯಿಲ್ ಜಿನುಗುತ್ತಿತ್ತು. ಸಿಲಿಂಡರ್ ಹೊಸದು ಬಂತು. ಆಯಿಲ್ ಕುಡಿದ ಶೂ ಒರೆಸಿದರೆ ಸರಿಹೋಗದು, ಒಂದೇ ಬದಿ ಬದಲಿಸಿದರೆ ಕಾರು ಎಳೆಯುತ್ತದೆ ಎಂದು ಅವರು ಎರಡೂ ಬದಿಯ ಶೂ ಹಾಕಿದರು. ನಾನು ಘಾಟಿಯಲ್ಲಿ ಬರೀ ಆಯಿಲ್ ತುಂಬಿಕೊಂಡು ಮುಂದೆ ಸಾಗಿದ್ದರೆ ದೀಪ ಆರುತ್ತಿತ್ತು, ಸೋರಿಕೆ ಮುಂದುವರಿಯುತ್ತಿತ್ತು. ಒಂದು ಕಡೆ ಪೂರ್ತಿ ಸೋರಿದರೂ ಎರಡು ಚಕ್ರ ಹಿಡಿಯಲೆಂದು ಬ್ರೇಕ್ ಲೈನನ್ನು ಎರಡು ಪಾಲು ಮಾಡಿರುತ್ತಾರೆ, ನಿಜ. ಹ್ಯಾಂಡ್ ಬ್ರೇಕಿನದೂ ಬೇರೆಯೇ ತಂತಿ. ಆದರೆ ಅರ್ಧ ಬ್ರೇಕಿನಲ್ಲಿ ತಿರುವು ಇಳಿಯುವುದೆಂದರೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ.

ಕೊನೆಗೆ ತುಂಬುವ ಕೆಲಸ ನನಗೆ ಬಂತು. ಮುಚ್ಚಳದ ಸುತ್ತಲ ಧೂಳನ್ನು ಮೊದಲು ಒಣ ಬಟ್ಟೆಯಲ್ಲಿ ಒರೆಸಿದೆ. ಒಂದು ಮರಳಿನ ಕಣ ಒಳಗೆ ಬಿದ್ದರೂ ಅದು ವಾಷರನ್ನು ಗೀರುತ್ತದೆ. ವೈರಿನ ಕನೆಕ್ಟರ್ ಬಿಡಿಸಿ, ಡಬ್ಬಿಯ ಸುತ್ತ ಹಳೆಯ ಟವಲ್ ಹೊದಿಸಿ, ಮುಚ್ಚಳ ತಿರುಗಿಸಿದೆ. ಅದರೊಂದಿಗೆ ತೇಲುಗುಂಡೂ ಹೊರಬಂದು, ಬಾವಿಯಿಂದ ಎತ್ತಿದ ಬಿಂದಿಗೆಯ ಹಾಗೆ ತೊಟ್ಟಿಕ್ಕಿತು. ಅದಕ್ಕೇ ಅದನ್ನು ಡಬ್ಬಿಯ ಬಾಯಿಯ ಮೇಲೆಯೇ ಹಿಡಿದು ಹನಿ ನಿಲ್ಲುವವರೆಗೆ ಕಾಯಬೇಕು. ಹಳೆಯ ಆಯಿಲ್ ನಮ್ಮೂರಿನ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಹೊಸದು ತಿಳಿ ಜೇನಿನಂತೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದನ್ನು ನಾಲ್ಕು ವರ್ಷ ಎಳೆದಿದ್ದೆ. ಪೂರ್ತಿ ಹೊಸದೇ ಹಾಕಿಬಿಡೋಣ ಎಂದೆ.

ಹೆಂಡತಿ ಪೆಡಲಿನ ಮೇಲೆ ಕಾಲಿಟ್ಟು ಕುಳಿತಳು, ಮೆಕ್ಯಾನಿಕ್ ಚಕ್ರದ ಬಳಿ. “ಒತ್ತಿ ಮೇಡಂ... ಹಿಡಿಯಿರಿ... ಬಿಡಿ.” ಹಳೆಯ ಆಯಿಲನ್ನು ಹೊರಬಿಡಲು ಚಕ್ರದ ಬಳಿ ಇರುವ ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ಟ್ಯೂಬಿನಲ್ಲಿ ಮೊದಲು ಕಪ್ಪು, ಆಮೇಲೆ ಗುಳ್ಳೆ, ಆಮೇಲೆ ತಿಳಿ ಜೇನು. ನನ್ನ ಕಣ್ಣು ಮಾತ್ರ ಡಬ್ಬಿಯ ಮೇಲೆ. ಅದು ಬರಿದಾದರೆ ಮತ್ತೆ ಗಾಳಿ ಸೇರಿ ಎಲ್ಲ ಮೊದಲಿನಿಂದ. ಮಟ್ಟ ಇಳಿದಾಗಲೆಲ್ಲ ಸಣ್ಣ ಲಾಳಿಕೆಯಲ್ಲಿ ಸ್ವಲ್ಪ ಸ್ವಲ್ಪವೇ ಸುರಿದೆ. ಕೊನೆಯಲ್ಲಿ ‘ಮ್ಯಾಕ್ಸ್’ ಗೆರೆಗೆ ತಂದು ನಿಲ್ಲಿಸಿದೆ, ಕಂಠದವರೆಗೆ ಅಲ್ಲ. ಸುತ್ತಮುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಳೆಯ ಆಯಿಲನ್ನೂ ಕಪಾಟಿನ ಅರ್ಧ ಬಾಟಲಿಯನ್ನೂ ಮೆಕ್ಯಾನಿಕ್ ತಮ್ಮ ವೇಸ್ಟ್ ಡಬ್ಬಕ್ಕೆ ಹಾಕಲು ಒಯ್ದರು.

ಆ ದಿನ ಡಬ್ಬಿಯ ಹೊರಮೈಯಲ್ಲಿ, ಆಯಿಲ್ ನಿಂತ ಮಟ್ಟಕ್ಕೆ, ಮಾರ್ಕರಿನಲ್ಲಿ ಒಂದು ಗೆರೆ ಎಳೆದು ತಾರೀಕು ಬರೆದೆ. ತಿಂಗಳ ಮೊದಲ ಭಾನುವಾರ, ಕಾರು ತಣ್ಣಗಿರುವಾಗ, ಬಾನೆಟ್ ಎತ್ತಿ ಡಬ್ಬಿಯ ಹಿಂದಿನಿಂದ ಟಾರ್ಚ್ ಹಿಡಿದು ನೋಡುತ್ತೇನೆ. ಮುಚ್ಚಳ ತೆಗೆಯುವುದಿಲ್ಲ, ಒಳಗಿನ ಮಟ್ಟ ಹೊರಗಿನಿಂದಲೇ ಕಾಣಿಸುತ್ತದೆ. ಮೂರು ತಿಂಗಳಾಯಿತು, ಗೆರೆಯಲ್ಲೇ ಇದೆ. ಎಡಗಡೆಯ ಹಿಂದಿನ ಟೈರನ್ನು ಮಾತ್ರ ಪ್ರತಿಸಲವೂ ಒಮ್ಮೆ ಸವರಿ, ಬೆರಳು ಮೂಸಿ ನೋಡುತ್ತೇನೆ. ಎದುರುಮನೆಯವರು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ.