ಹಸಿದೋರಿಗಿ ಒಂದು ಮುಷ್ಟಿ ಜ್ವಾಳ: ಕಾಲೇಜ್ ಹುಡುಗ್ರು ಹೆಂಗ ಸುರು ಮಾಡ್ಬೇಕು?

ಅಕ್ಟೋಬರ್ 16 ವಿಶ್ವ ಆಹಾರ ದಿನ ಬಂತಂದ್ರ ಒಂದು ಬ್ಯಾನರ್, ಒಂದು ರ‍್ಯಾಲಿ, ನಮ್ಮ ಕಲಬುರಗಿ ಜಗತ್ ಸರ್ಕಲ್‌ತನ ಹೋಗಿ ಫೋಟೋ ಹೊಡ್ಸ್ಕೊಂಡು ಬಂದ್ರ ಮುಗೀತು. ನಾವೂ ಮೊದಲ್ನೇ ವರ್ಷ ಅದೇ ಮಾಡಿದ್ವಿ, ಸುಳ್ಳ್ಯಾಕ ಹೇಳ್ಲಿ. 2024ರಾಗ ಜಗತ್ತಿನ್ಯಾಗ ಅಂದಾಜು 67 ಕೋಟಿ ಮಂದಿ ಹಸ್ಕೊಂಡಿದ್ರಂತ ವಿಶ್ವಸಂಸ್ಥೆ ಲೆಕ್ಕ ಅದ, ಅದನ್ನ ಕೇಳಿದ್ರ ಸೆಕೆಂಡ್ ಇಯರ್ ಹುಡುಗನ ಕೈಕಾಲೇ ಆಡಂಗಿಲ್ಲ. ನಂಬರ್ ಬಿಡ್ರಿ, ಕಲಬುರಗಿ ಓಣಿಯಿಂದ ಸುರು ಮಾಡ್ರಿ.

ಮೊದಲು ಏನೂ ಕೂಡಿಸ್ಬ್ಯಾಡ್ರಿ, ಒಂದು ನೋಟ್‌ಬುಕ್ ತಗೊಂಡು ತಿರುಗಾಡ್ರಿ. ಯಾರ ಮನ್ಯಾಗ, ಯಾವ ತಿಂಗಳ್ದಾಗ, ಎಷ್ಟು ಮಂದಿಗಿ ಕಡಿಮಿ ಬೀಳ್ತದ ಅಂತ ಬರ್ಕೋರಿ. ನಮ್ಮ ಕಡಿ ದುಡಿಯೋರೆಲ್ಲ ಮುಂಬೈ, ಪುಣೆ, ಬೆಂಗಳೂರಿಗಿ ಗುಳೆ ಹೋಗ್ತಾರ, ಮನ್ಯಾಗ ಮುತ್ಯಾ, ಆಯಿ, ಸಣ್ಣ ಹುಡುಗ್ರು ಉಳೀತಾರ. ಏಪ್ರಿಲ್-ಮೇದಾಗ ಸಾಲಿ ಸೂಟಿ, ಬಿಸಿಯೂಟನೂ ಬಂದ್. ಆ ಅಕ್ಷರ ದಾಸೋಹ 2002ರಾಗ ಮೊದಲು ಸುರು ಆಗಿದ್ದೇ ನಮ್ಮ ಈಶಾನ್ಯ ಜಿಲ್ಲಾದಾಗ, ಹೆಸರೂ ಶರಣರ ದಾಸೋಹದ್ದು. ಅದು ನಿಲ್ಲೋ ಎರಡು ತಿಂಗಳೇ ನಿಮ್ಮ ಕೆಲಸದ ತಿಂಗಳು.

ತಿರುಗಾಡ್ವಾಗ ಇನ್ನೊಂದು ಗೊತ್ತಾಗ್ತದ, ಎಷ್ಟೋ ಮಂದಿಗಿ ನಿಮ್ಮ ಚೀಲ ಬೇಕಾಗಿಲ್ಲ. ಅನ್ನಭಾಗ್ಯ 2013ರಿಂದ ಅದ, ಕಾರ್ಡೂ ಅದ, ಆದ್ರ ಕಳೆ ಕಿತ್ತು ಕಿತ್ತು ಬೆರಳು ಸವೆದ ಆಯಿದು ಮಷೀನ್ದಾಗ ಬೆರಳಚ್ಚೇ ಬರಂಗಿಲ್ಲ, ಆಕಿ ನಾಳೆ ಬರ್ತೀನಿ ಅಂತ ಹೊಳ್ಳಿ ಹೋಗ್ತಾಳ. ಆಕಿ ಜೋಡಿ ರೇಷನ್ ಅಂಗಡಿಗಿ ಹೋಗಿ ಬ್ಯಾರೆ ದಾರಿ ಏನದ ಕೇಳ್ರಿ, ಕಾಗದ ಬೇಕಂದ್ರ ತುಂಬಿ ಕೊಡ್ರಿ. ನಾವು ಕೊಡೋ ಐದು ಕಿಲೋ ಎಂಟು ದಿನಕ್ಕ ಖಾಲಿ, ಇದಾದ್ರ ತಿಂಗಳಾ ತಿಂಗಳಾ ಬರ್ತದ. ಫೋಟೋ ಚಂದ ಬರಂಗಿಲ್ಲ ಅಷ್ಟೇ.

ಈಗ ಕೂಡಿಸೋದು. ಹಳೇ ಮುಷ್ಟಿ ಪದ್ಧತಿನೇ ಛಲೋ. ಒಂದೊಂದು ಮನಿಗಿ ಒಂದು ಡಬ್ಬಿ ಕೊಡ್ರಿ, ಅಡಗಿ ಮಾಡೋ ಮುಂಜಾನಿ ಒಂದು ಮುಷ್ಟಿ ಜ್ವಾಳ ಇಲ್ಲಾ ಬ್ಯಾಳಿ ಹಾಕ್ಲಿ. ಮುಷ್ಟಿಗಿ 50 ಗ್ರಾಂ ಹಿಡಿದ್ರ ತಿಂಗಳಿಗಿ ಮನಿಗೊಂದು ಒಂದೂವರಿ ಕಿಲೋ, 60 ಮನಿ ಸೇರಿದ್ರ 90 ಕಿಲೋ. ಒಮ್ಮಿಗೇ ಐದು ಕಿಲೋ ಕೊಡ್ರಿ ಅಂದ್ರ ಯೋಚನಿ ಮಾಡೋರು ಮುಷ್ಟಿಗಿ ಇಲ್ಲ ಅನ್ನಂಗಿಲ್ಲ.

ರೈತರ ಕಡಿ ಕೇಳ್ಬೇಕಂದ್ರ ಟೈಮ್ ನೋಡ್ರಿ. ಅಕ್ಟೋಬರ್ದಾಗ ತೊಗರಿ ಹೊಲದಾಗೇ ಇರ್ತದ, ಹಿಂಗಾರಿ ಜ್ವಾಳ ಇನ್ನಾ ಬಿತ್ತೋದು ನಡ್ದಿರ್ತದ, ಆಗ ಹೋಗಿ ದಾನ ಕೇಳಿದ್ರ ಪಾಪ ಅವರರ ಎಲ್ಲಿಂದ ಕೊಡ್ಬೇಕು? ತೊಗರಿ ರಾಶಿ ಡಿಸೆಂಬರ್-ಜನವರಿ, ಜ್ವಾಳದ್ದು ಫೆಬ್ರುವರಿ-ಮಾರ್ಚ್. ರಾಶಿ ಮುಂದ ನಿಂತ ರೈತ ಬರಿಗೈಲೆ ಕಳ್ಸಂಗಿಲ್ಲ. 2019ರಾಗ ಜಿಐ ಟ್ಯಾಗ್ (ಇದು ಈ ಭಾಗದ್ದೇ ಅನ್ನೋ ಸರ್ಕಾರಿ ಗುರುತು) ಬಂದ ತೊಗರಿ ಬ್ಯಾಳಿ ನಮ್ಮದು, ದಾಲ್ ಮಿಲ್ ಕಾಕಾಗಳಿಗೂ ಕೇಳ್ರಿ, ನುಚ್ಚು ಬ್ಯಾಳಿನೂ ಬ್ಯಾಡ ಅನ್ಬ್ಯಾಡ್ರಿ, ರುಚಿಗಿ ಏನೂ ಕಡಿಮಿ ಇಲ್ಲ. ಧಾನ್ಯ ಛಲೋ ಒಣಗ್ಸಿ, ನಡುವ ಬೇವಿನ ಎಲಿ ಹಾಕಿ ಕಟ್ಟಿಡ್ರಿ.

ಅಡಗಿ ಮಾಡಿದ್ದು ಮಾತ್ರ ಬ್ಯಾಸಗ್ಯಾಗ ಮುಟ್ಬ್ಯಾಡ್ರಿ, ಇದು ನನ್ನ ಸ್ವಂತ ಫಜೀತಿ. ಮೇ ತಿಂಗಳ್ದಾಗ ಒಂದು ಲಗ್ನದಾಗ ಉಳಿದ ಅನ್ನ ಸಾರು ಆಟೋದಾಗ ಹಾಕೊಂಡು ಹೊಂಟ್ವಿ, 40 ಡಿಗ್ರಿ ಬಿಸಿಲು, ಗೇಟ್ ಸಿಗ್ನಲ್ ಅಂತ ನಿಂತು ನಿಂತು ಹೋಗೋದ್ರಾಗ ಸಾರು ಹಳಸಿ ನಾರಾಕತ್ತಿತ್ತು, ಕಾಯ್ಕೋತ ಕುಂತ ಮಂದಿಗಿ ಏನ್ ಹೇಳೋದ್ರಿ? ಅವತ್ತಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಕಡಕ್ ರೊಟ್ಟಿ ಫ್ರಿಜ್ ಇಲ್ದೇ ಎಷ್ಟೋ ದಿನ ಇರ್ತದ, ಸ್ವಸಹಾಯ ಸಂಘದ ಅಕ್ಕಗಳ ಕಡಿ ಆರ್ಡರ್ ಕೊಟ್ರ ಅವರಿಗೂ ನಾಕು ರೊಕ್ಕ. ದವಾಖಾನ್ಯಾಗ ರೋಗಿ ಜೋಡಿ ಬಂದು ವರಾಂಡದಾಗ ಮಲಗೋರಿಗಿ ಇದಕ್ಕಿಂತ ಅನುಕೂಲದ್ದು ನನಗಂತೂ ಕಂಡಿಲ್ಲ.

ರೊಕ್ಕ ಯಾರರ ಒಬ್ಬನ ಫೋನ್‌ಪೇಕ್ಕ ಹಾಕಿಸ್ಬ್ಯಾಡ್ರಿ, ದೋಸ್ತಿನೇ ಹಾಳಾಗ್ತದ. ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸರ್ ಇಲ್ಲಾ ಮೇಡಂ ಅವರನ್ನ ಹಿಡ್ಕೊಂಡು ಇಬ್ಬರ ಸಹಿ ಇರೋ ಅಕೌಂಟ್ ತೆಗೀರಿ, ವಾರಕ್ಕೊಮ್ಮಿ ಲೆಕ್ಕದ ಹಾಳಿ ಗ್ರೂಪಿಗಿ ಹಾಕ್ರಿ. ದೂರದ ದೇಶದ ಹಸಿವಿಗೇ ಕೊಡ್ತೀನಿ ಅನ್ನೋರಿಗಿ 2020ರ ನೊಬೆಲ್ ಶಾಂತಿ ಬಹುಮಾನ ಬಂದ ವಿಶ್ವ ಆಹಾರ ಕಾರ್ಯಕ್ರಮದ ಶೇರ್ ದ ಮೀಲ್ ಆ್ಯಪ್ ಅದ.

ಹಂಚ್ವಾಗ ಲೈನ್ ಹಚ್ಚಿ ನಿಲ್ಲಿಸ್ಬ್ಯಾಡ್ರಿ, ಸಂಜೀಕ ಮನಿಗೇ ಒಯ್ದು ಕೊಡ್ರಿ, ಮಾರಿ ಕಾಣಂಗ ಫೋಟೋ ಬ್ಯಾಡ. ಖಾಲಿ ಚೀಲ ಎಲ್ಲಾ ಝಾಡ್ಸಿ, ಎಣಿಸಿ ಕಿರಾಣಿ ಕಾಕಾಗ ವಾಪಸ್ ಕೊಡ್ರಿ. ನಾವು ಹನ್ನೊಂದು ಚೀಲ ಕಳ್ದಿದ್ವಿ, ಕಾಕಾ ಇನ್ನಾ ನೆನಪಿಟ್ಟಾನ.