ಗಾಂಧಿನಗರದಲ್ಲಿ ರೌಡಿ ಪಾತ್ರ ಮಾಡುತ್ತಾ ಕಲಿತದ್ದು

ಕನ್ನಡ ಸಿನಿಮಾದವರ ಆಫೀಸುಗಳಿರುವ ಬೆಂಗಳೂರಿನ ಗಾಂಧಿನಗರಕ್ಕೆ ಹೊಸದಾಗಿ ಬರುವ ಹುಡುಗರು ನನ್ನನ್ನು ಕೇಳುವುದೆಲ್ಲ ಲುಕ್ ಬಗ್ಗೆ. ಗಡ್ಡ ಎಷ್ಟು ಬಿಡಬೇಕು, ಜಿಮ್‌ಗೆ ಹೋಗಲೇಬೇಕಾ, ತಲೆ ಬೋಳಿಸಿದರೆ ಪಾತ್ರ ಬೇಗ ಸಿಗುತ್ತಾ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಸಿನಿಮಾ, ಧಾರಾವಾಹಿಗಳಲ್ಲಿ ರೌಡಿಯಾಗಿ, ರೌಡಿಯ ಬಲಗೈ ಬಂಟನಾಗಿ, ಸುಪಾರಿ ತೆಗೆದುಕೊಳ್ಳುವವನಾಗಿ ಅನ್ನ ದುಡಿದಿದ್ದೇನೆ. ಅವರಿಗೆ ನಾನು ಹೇಳುವುದು ಒಂದೇ. ನೋಡುವ ಜನಕ್ಕೆ ನಿನ್ನ ಮೇಲೆ ಭಯ ಹುಟ್ಟಿಸುವವನು ನಿನ್ನ ಎದುರಿಗೆ ನಿಂತ ಕಲಾವಿದ ಕಣಪ್ಪ. ಮೊದಲು ಅವನಿಗೆ ಜಾಗ ಬಿಡು.

ಈ ಮಾತು ನನಗೆ ಮೊದಲು ಸಿಕ್ಕಿದ್ದು ಪೌರಾಣಿಕ ನಾಟಕದಲ್ಲಿ. ನಾವು ಇದ್ದದ್ದು ಮಾಗಡಿ ರಸ್ತೆಯ ಒಂದು ವಠಾರದಲ್ಲಿ. ಅಪ್ಪ ಮಿನರ್ವ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಆಗ ಬೆಂಗಳೂರಿನ ಕಾರ್ಖಾನೆ ಜನಕ್ಕೆ ನಾಟಕ ಅಂದರೆ ಪ್ರಾಣ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಎಲ್ಲ ಕಡೆ ಕನ್ನಡ ಸಂಘ, ನವೆಂಬರ್ ಬಂದರೆ ನಾಟಕ. ಅಪ್ಪ ಮತ್ತು ಅವರ ಗೆಳೆಯರು ಪೌರಾಣಿಕದವರು. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿಕೊಂಡು ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸ್ ಮಾಡುತ್ತಿದ್ದರು. ಈ ನಾಟಕಗಳಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅವನೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಖರ್ಚು ಎಲ್ಲ ಅದರಲ್ಲೇ ಹುಟ್ಟಬೇಕು. ಕೃಷ್ಣ, ದುರ್ಯೋಧನನಿಗೆ ರೇಟು ಜಾಸ್ತಿ. ಅಪ್ಪ ತಮ್ಮ ಸಂಬಳದಲ್ಲಿ ನನಗೆ ಕೊಡಿಸಿದ್ದು ದುಶ್ಯಾಸನನ ಪಾತ್ರ.

ವಸ್ತ್ರಾಪಹರಣದ ದೃಶ್ಯಕ್ಕೆ ನಾನು ಅಬ್ಬರಿಸಲು ರೆಡಿಯಾಗಿದ್ದೆ. ಮೇಷ್ಟ್ರು ಹಾರ್ಮೋನಿಯಂ ತಿದಿ ನಿಲ್ಲಿಸಿ ಹೇಳಿದರು. "ದ್ರೌಪದಿ ಕಡೆ ಒಂದು ಸಲ ನೋಡಯ್ಯ. ಆಮೇಲೆ ಸಭೆ ಕಡೆ ತಿರುಗು. ಭೀಷ್ಮ ತಲೆ ಬಗ್ಗಿಸಿದ್ದಾನೆ, ದ್ರೋಣ ತಲೆ ಬಗ್ಗಿಸಿದ್ದಾನೆ. ಅವರು ಸುಮ್ನಿರೋದೇ ನಿನ್ನ ಬಲ. ಅದನ್ನ ಜನ ನೋಡ್ಲಿ. ಆಮೇಲೆ ಕೈ ಚಾಚು."

ಹಾಗಂತ ಗಂಟಲಿಗೆ ಬೆಲೆಯಿಲ್ಲ ಅಂತ ನಾನು ಹೇಳುವುದಿಲ್ಲ. ನಾವೆಲ್ಲ ವಜ್ರಮುನಿ ಅವರನ್ನು ನೋಡಿ ಬೆಳೆದವರು. ಬೆಂಗಳೂರಿನ ಕನಕನಪಾಳ್ಯದ ಅವರು ನಾಟಕದಲ್ಲಿ ರಾವಣನ ಪಾತ್ರ ಮಾಡಿ ಹೆಸರು ತೆಗೆದುಕೊಂಡು, 1969ರ 'ಮಲ್ಲಮ್ಮನ ಪವಾಡ'ದಿಂದ ತೆರೆಗೆ ಬಂದವರು. ಕಣ್ಣು ಕೆಂಪಗೆ ಮಾಡಿಕೊಂಡು ಅವರು ಒಂದು ಮಾತು ಆಡಿದರೆ ಥಿಯೇಟರಿನಲ್ಲಿ ಹೆಂಗಸರು ಬಾಯಿಬಿಟ್ಟು ಶಾಪ ಹಾಕುತ್ತಿದ್ದರು. ಸುಂದರ್ ಕೃಷ್ಣ ಅರಸ್ ಅವರ ಧ್ವನಿಯೂ ಅಂಥದ್ದೇ. ಟೈಗರ್ ಪ್ರಭಾಕರ್ ಫೈಟರ್ ಆಗಿ ಬಂದು ಖಳನಾಗಿ, ಆಮೇಲೆ ನಾಯಕನಾಗಿ ಬೆಳೆದವರು. ವಜ್ರಮುನಿ 2006ರಲ್ಲಿ ತೀರಿಕೊಂಡರು. ಅವರ ಹಳೆಯ ಸಿನಿಮಾಗಳನ್ನು ಈಗಲೂ ಹಾಕಿಕೊಂಡು ನೋಡುತ್ತೇನೆ. ಜನ ಕೂಗನ್ನು ನೆನಪಿಟ್ಟುಕೊಳ್ಳುತ್ತಾರೆ. ನಾನು ನೋಡುವುದು ಕೂಗುವ ಮುಂಚೆ ಅವರು ತೆಗೆದುಕೊಳ್ಳುವ ಉಸಿರನ್ನು, ಎದುರಿನವರ ಮಾತು ಮುಗಿಯುವ ತನಕ ಕಾಯುವ ರೀತಿಯನ್ನು.

1995ರಲ್ಲಿ 'ಓಂ' ಬಂತು. ಉಪೇಂದ್ರ ಅವರ ನಿರ್ದೇಶನ, ಶಿವರಾಜ್‌ಕುಮಾರ್ ಅವರ ನಟನೆ. ಬೆಂಗಳೂರಿನ ನಿಜವಾದ ರೌಡಿಗಳೇ ಅದರಲ್ಲಿ ಕ್ಯಾಮೆರಾ ಮುಂದೆ ನಿಂತಿದ್ದರು. ಅಲ್ಲಿಯವರೆಗೆ ನಮ್ಮ ಖಳ ಅಂದರೆ ಊರ ಸಾಹುಕಾರ, ಗೌಡ, ಕಳ್ಳಸಾಗಣೆ ಮಾಡುವ ಸೂಟುಬೂಟಿನವನು. 'ಓಂ' ಆದ ಮೇಲೆ ಗಲ್ಲಿಯ ಹುಡುಗನೇ ಖಳ, ಎಷ್ಟೋ ಸಲ ಅವನೇ ನಾಯಕ. ಲಾಂಗು, ಮಚ್ಚಿನ ಸಿನಿಮಾಗಳು ಸಾಲುಗಟ್ಟಿ ಬಂದವು. ನನ್ನಂಥವರಿಗೆ ಬಾಗಿಲು ತೆರೆದದ್ದು ಹಾಗೆ. ಸುಂದರವಾಗಿ ಇರಬೇಕು ಅಂತ ಇಲ್ಲದ, ಬೀದಿಯಲ್ಲಿ ಓಡಾಡುವ ಮುಖ ಬೇಕಿತ್ತು.

ಫೋಟೋ ಆಲ್ಬಂ ಹಿಡಿದುಕೊಂಡು ಗಾಂಧಿನಗರದ ಆಫೀಸುಗಳ ಮೆಟ್ಟಿಲು ಹತ್ತಿದೆ. ಆಗ ಈಗಿನ ಥರ ಮೊಬೈಲಿನಲ್ಲಿ ಆಡಿಷನ್ ವಿಡಿಯೋ ಮಾಡಿ ಕಳಿಸುವುದು ಇರಲಿಲ್ಲ. ಮ್ಯಾನೇಜರ್ ಅಥವಾ ಕೋ-ಡೈರೆಕ್ಟರ್ ಕಣ್ಣಿಗೆ ದಿನಾ ಬೀಳುತ್ತಿರಬೇಕು. ಕೆಳಗಡೆ ಟೀ ಅಂಗಡಿಯೇ ನಮ್ಮ ವಿಳಾಸ. ಬಂದ ಪಾತ್ರ ಅಂದರೆ ಡಾನ್ ಹಿಂದೆ ನಿಲ್ಲುವುದು. ಮಾತಿಲ್ಲ.

ಆ ನಿಲ್ಲುವ ಕೆಲಸವನ್ನು ಸುಮ್ನೆ ತಳ್ಳಿಹಾಕಬೇಡಿ ಅಂತ ಹುಡುಗರಿಗೆ ಹೇಳುತ್ತೇನೆ. ಸಾಲಿನಲ್ಲಿ ಎಂಟು ಜನ ಕೈಕಟ್ಟಿ ನಿಂತಿರುತ್ತಾರೆ. ಎಲ್ಲರೂ ಕ್ಯಾಮೆರಾಗೆ ಕಾಣುವ ಹಾಗೆ ಮುಖ ಗಂಟು ಹಾಕಿಕೊಂಡಿರುತ್ತಾರೆ. ನಾನು ಡಾನ್ ಪಾತ್ರಧಾರಿಯ ಕೈಯನ್ನೇ ನೋಡುತ್ತಾ ನಿಂತೆ. ಅವರು ಸಿಗರೇಟ್ ತೆಗೆದರೆ ನನ್ನ ಕಣ್ಣು ಅಲ್ಲಿಗೆ. ಅವರು ದನಿ ಎತ್ತಿದರೆ ನಾನು ಒಂದು ಕ್ಷಣ ನೆಲ ನೋಡುತ್ತಿದ್ದೆ. ಅವರ ಆಳಿಗೇ ಅವರ ಭಯ ಇದೆ ಅಂತ ಕಂಡರೆ ಡಾನ್ ತಾನಾಗಿ ದೊಡ್ಡವನಾಗುತ್ತಾನೆ. ಎಡಿಟಿಂಗ್ ಟೇಬಲ್ ಮೇಲೆ ಇದು ಉಪಯೋಗಕ್ಕೆ ಬರುತ್ತದೆ. ರಿಯಾಕ್ಷನ್ ಬೇಕಾದಾಗ ಎಡಿಟರ್ ಆ ಮುಖಕ್ಕೇ ಕಟ್ ಮಾಡುತ್ತಾರೆ. ನನಗೆ ಮಾತಿರುವ ಪಾತ್ರ ಬಂದದ್ದು ಆ ಕಟ್‌ಗಳಿಂದ.

ಮಾತು ಬಂದ ಮೇಲೆ ನನಗೆ ಪಾಠಶಾಲೆ ಆದದ್ದು ಕೆ.ಆರ್. ಮಾರ್ಕೆಟ್. ಬೆಳಗಿನ ಜಾವ ಹೂವಿನ ವ್ಯಾಪಾರ ಜೋರಾಗಿರುವ ಹೊತ್ತಿಗೆ ಹೋಗಿ ಒಂದು ಕಡೆ ನಿಲ್ಲುತ್ತಿದ್ದೆ. ಅಲ್ಲಿ ಬೀದಿ ವ್ಯಾಪಾರಿಗಳಿಗೆ ಬೆಳಿಗ್ಗೆ ಸಾಲ ಕೊಟ್ಟು ಸಾಯಂಕಾಲ ಬಡ್ಡಿ ಸಮೇತ ವಸೂಲಿ ಮಾಡುವವರು ಇರುತ್ತಾರೆ. ಮೀಟರ್ ಬಡ್ಡಿ. ವಸೂಲಿಗೆ ಬರುವ ಒಬ್ಬ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಗಡ್ಡ ಇಲ್ಲ, ಚೈನಿಲ್ಲ. ಒಂದು ದಿನ ಸಾಯಂಕಾಲ ಸೊಪ್ಪು ಮಾರುವ ಹೆಂಗಸಿನ ಮುಂದೆ ನಿಂತು, "ಏನಕ್ಕಾ, ಮಗನ ಸ್ಕೂಲ್ ಶುರುವಾಯ್ತಾ?" ಅಂದ. ಅಷ್ಟೇ. ಆ ಅಕ್ಕ ಉತ್ತರ ಕೊಡಲಿಲ್ಲ. ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು, ಮಡಿಕೆ ಸರಿಮಾಡಿ, ಇನ್ನೊಂದು ಸಲ ಎಣಿಸಿ ಕೊಟ್ಟಳು. ಅವನು ಹೋದ ಮೇಲೂ ಸ್ವಲ್ಪ ಹೊತ್ತು ಗಿರಾಕಿಯ ಮಾತು ಅವಳ ಕಿವಿಗೆ ಬೀಳಲಿಲ್ಲ. ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಆ ದೃಶ್ಯದಲ್ಲಿ ಇದ್ದ ಹಿಂಸೆ ಎಲ್ಲ ಅವಳ ಬೆರಳುಗಳಲ್ಲಿತ್ತು.

ಮುಂದೆ ಒಂದು ಸಿನಿಮಾದಲ್ಲಿ ಮಾಮೂಲಿ ವಸೂಲಿ ದೃಶ್ಯ ಬಂತು. ಹಾರ್ಡ್‌ವೇರ್ ಅಂಗಡಿಗೆ ನುಗ್ಗಿ, ಪೇಂಟ್ ಡಬ್ಬ ಒದ್ದು, ಒಂದು ಪುಟ ಬೈದು ದುಡ್ಡು ಕಿತ್ತುಕೊಳ್ಳಬೇಕು. ಅಂಗಡಿಯವರ ಪಾತ್ರ ಮಾಡುತ್ತಿದ್ದವರು ರಂಗಭೂಮಿಯ ಹಿರಿಯರು. ಲೈಟಿಂಗ್ ನಡೆಯುವಾಗ ಅವರ ಹತ್ತಿರ ಹೋಗಿ ಮಾರ್ಕೆಟ್ಟಿನ ಕಥೆ ಹೇಳಿದೆ. "ಸರ್, ನಾನು ಏನೂ ಮಾಡದೆ ಕೂತ್ಕೊಂಡ್ರೆ ನೀವು ನಡೆಸಿಕೊಡ್ತೀರಾ?" ಅಂತ ಕೇಳಿದೆ. ಅವರ ಕಣ್ಣು ಹೊಳೆಯಿತು. ಇಬ್ಬರೂ ಹೋಗಿ ನಿರ್ದೇಶಕರನ್ನು ಒಪ್ಪಿಸಿದೆವು.

ಟೇಕ್‌ನಲ್ಲಿ ನಾನು ಒಳಗೆ ಬಂದು ಅವರ ಕುರ್ಚಿಯಲ್ಲೇ ಕೂತೆ. ಅವರು ಗಿರಾಕಿ ಥರ ಆಚೆ ನಿಂತರು. ಮೇಜಿನ ಮೇಲಿದ್ದ ಮಗಳ ಮದುವೆ ಕಾರ್ಡ್ ತೆಗೆದು ನಿಧಾನಕ್ಕೆ ಓದಿದೆ. "ಛತ್ರ ಎಲ್ಲಿ ಯಜಮಾನ್ರೇ?" ಅಂದೆ. ಅವರೇ ಗಲ್ಲಾಪೆಟ್ಟಿಗೆ ಎಳೆದರು. ನೋಟು ಎಣಿಸುವಾಗ ಕೈ ನಿಂತಿತು, ಮತ್ತೆ ಮೊದಲಿಂದ ಎಣಿಸಿದರು. ಚಿಲ್ಲರೆ ನಾಣ್ಯ ಉರುಳಿ ಕೆಳಗೆ ಬಿತ್ತು. ಅವರು ಬಗ್ಗಲಿಲ್ಲ. ನನಗೆ ಬೆನ್ನು ಹಾಕಲು ಹೆದರಿದ ಹಾಗೆ ಹಾಗೇ ನಿಂತರು. ಅದು ಅವರು ಅಲ್ಲೇ ಹುಟ್ಟಿಸಿಕೊಂಡದ್ದು, ಮೊದಲೇ ಮಾತಾಡಿಕೊಂಡದ್ದಲ್ಲ. ಇಡೀ ಯೂನಿಟ್ ಉಸಿರು ಹಿಡಿದುಕೊಂಡಿತ್ತು. ಸಿನಿಮಾ ಬಂದಾಗ ಜನ ನನ್ನನ್ನು ಹೊಗಳಿದರು. ಆ ಹೊಗಳಿಕೆ ಸಲ್ಲಬೇಕಾದದ್ದು ಅವರಿಗೆ. ಸಿಕ್ಕ ಸಿಕ್ಕ ಕಡೆಯೆಲ್ಲ ನಾನು ಇದನ್ನು ಹೇಳುತ್ತೇನೆ.

2007ರಲ್ಲಿ 'ಆ ದಿನಗಳು' ನೋಡಿದಾಗ ನನಗೆ ಧೈರ್ಯ ಬಂತು. ಅಗ್ನಿ ಶ್ರೀಧರ್ ಅವರ ಬರವಣಿಗೆಯಿಂದ ಬಂದ ಆ ಕಥೆಯಲ್ಲಿ ಎಂಬತ್ತರ ದಶಕದ ಡಾನ್‌ಗಳಾದ ಜಯರಾಜ್, ಕೊತ್ವಾಲ್ ಕಾಲದ ಬೆಂಗಳೂರು ಇದೆ. ಶರತ್ ಲೋಹಿತಾಶ್ವ ಅವರ ಕೊತ್ವಾಲ್ ಕೂತ ಜಾಗದಲ್ಲೇ ಸುತ್ತಲಿನವರನ್ನು ಒಣಗಿಸುತ್ತಾನೆ. ಹೀಗೂ ಮಾಡಬಹುದು, ಜನ ನೋಡುತ್ತಾರೆ ಅನ್ನುವುದು ಗೊತ್ತಾಯಿತು.

ಇನ್ನು ಫೈಟ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಮೈಗೆ ಏಟಾಗುವುದು ಇಲ್ಲೇ. ಕೈಯಲ್ಲಿ ಹಿಡಿಯುವ ಲಾಂಗ್ ಮರದ್ದೋ, ಫೈಬರ್‌ದೋ, ರಬ್ಬರಿನದೋ ಆಗಿರುತ್ತದೆ. ಹತ್ತಿರದ ಶಾಟ್‌ಗೆ ಮಾತ್ರ ಮೊಂಡು ಅಲಗಿನ ಕಬ್ಬಿಣದ್ದು ತರುತ್ತಾರೆ. ಪ್ರತಿ ಟೇಕ್‌ಗೆ ಮುಂಚೆ ಯಾವುದು ಕೈಗೆ ಬಂದಿದೆ ಅಂತ ಬೆರಳಿಟ್ಟು ನೋಡಿಕೊಳ್ಳಬೇಕು. ನಾಯಕನ ಏಟು ನಮಗೆ ತಾಕುವುದಿಲ್ಲ. ನಡುವೆ ಜಾಗ ಇರುತ್ತದೆ, ಕ್ಯಾಮೆರಾ ಕೋನ ಅದನ್ನು ಮುಚ್ಚುತ್ತದೆ. ಏಟು ಬಿದ್ದಂತೆ ಕಾಣಿಸುವುದು ನಮ್ಮ ಕುತ್ತಿಗೆ, ಭುಜ, ಉಸಿರು. ಕೈ ಬರುವ ಮುಂಚೆಯೇ ತಲೆ ತಿರುಗಿದರೆ ಜನಕ್ಕೆ ಗೊತ್ತಾಗುತ್ತದೆ. ತಡವಾದರೆ ನಿಜವಾಗಲೂ ಬೀಳುತ್ತದೆ. ಹಿಂದಕ್ಕೆ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ನೆಲಕ್ಕೆ ಹೊಡೆಯುತ್ತದೆ. ಅಂಗೈ ಊರಿ ಬೀಳಬಾರದು, ಮಣಿಕಟ್ಟು ಮುರಿಯುತ್ತದೆ. ಇಲ್ಲೂ ಅದೇ ಲೆಕ್ಕ ಅಲ್ವಾ? ನಾಯಕನ ಏಟಿಗೆ ತೂಕ ಕೊಡುವುದು ಏಟು ತಿನ್ನುವವನು.

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಸಿನಿಮಾದ ಕ್ಲೈಮ್ಯಾಕ್ಸ್ ಚಿತ್ರೀಕರಣ ನಡೆಯುವಾಗ, ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಇಬ್ಬರೂ ಖಳ ಪಾತ್ರಗಳಲ್ಲಿ ಹೆಸರು ಮಾಡುತ್ತಿದ್ದ ಕಲಾವಿದರು. ಆ ದಿನ ನಮ್ಮ ಥರದ ಪಾತ್ರ ಮಾಡುವವರ ಮನೆಗಳಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಲ್ಲಿಂದೀಚೆಗೆ ನಾನು ಸ್ಟಂಟ್ ಒಪ್ಪಿಕೊಳ್ಳುವ ಮುಂಚೆ ಬಾಯಿಬಿಟ್ಟು ಕೇಳುತ್ತೇನೆ. ರೋಪ್ ಯಾರು ಹಿಡಿಯುತ್ತಾರೆ, ಬೆಡ್ ಎಲ್ಲಿ ಹಾಸಿದ್ದಾರೆ, ಆಂಬುಲೆನ್ಸ್ ಎಲ್ಲಿ ನಿಂತಿದೆ, ನೀರಿದ್ದರೆ ಈಜುವವರು ಯಾರಿದ್ದಾರೆ. ಉತ್ತರ ಸರಿ ಅನ್ನಿಸದಿದ್ದರೆ ಮಾಡುವುದಿಲ್ಲ. ಇದರಿಂದ ಕೈತಪ್ಪಿದ ಸಿನಿಮಾ ಇದೆ. ಹುಡುಗರಿಗೂ ಕೇಳಿ ಅಂತಲೇ ಹೇಳುತ್ತೇನೆ. ಕೇಳಿದರೆ ಹೆದರುಪುಕ್ಕಲ ಅಂದುಕೊಳ್ಳುತ್ತಾರೆ ಅನ್ನುವ ಸಂಕೋಚ ಬೇಡವೇ ಬೇಡ.

ನನ್ನ ಫೈಟುಗಳು ಎಷ್ಟೋ ನಡೆದದ್ದು ಮಿನರ್ವ ಮಿಲ್ಲಿನಲ್ಲೇ. ಮಿಲ್ ನಿಂತ ಮೇಲೆ ಅದು ಸಿನಿಮಾದವರ ಜಾಗವಾಯಿತು. ಎತ್ತರದ ಗೋಡೆ, ಖಾಲಿ ಶೆಡ್ಡು, ಚಾವಣಿಯಿಂದ ಬೀಳುವ ಬೆಳಕು. ಡಾನ್ ಅಡ್ಡಾ ಅಂದರೆ ಮಿನರ್ವ ಮಿಲ್ ಅನ್ನುವಷ್ಟು ಆಯಿತು. ಒಂದು ಸಲ ಅಪ್ಪನನ್ನು ಶೂಟಿಂಗ್ ನೋಡಲು ಕರೆದುಕೊಂಡು ಹೋದೆ. ಅವರು ಫೈಟ್ ಕಡೆ ನೋಡಲೇ ಇಲ್ಲ. ಪ್ರೊಡಕ್ಷನ್ ಹುಡುಗನಿಗೆ ತಮ್ಮ ಮಗ್ಗ ಎಲ್ಲಿತ್ತು, ಶಿಫ್ಟ್ ಸೈರನ್ ಎಲ್ಲಿಂದ ಕೇಳುತ್ತಿತ್ತು ಅಂತ ತೋರಿಸುತ್ತಾ ಓಡಾಡಿದರು. ಸಾವಿರಾರು ಸಂಸಾರ ಅನ್ನ ಉಂಡ ಜಾಗವನ್ನು ತೆರೆಯ ಮೇಲೆ ಜನ ರಕ್ತ ಹರಿಯುವ ಜಾಗ ಅಂತಲೇ ನೋಡುತ್ತಾರಲ್ಲ ಅಂತ ನನಗೆ ಆವತ್ತು ತುಂಬ ಬೇಸರವಾಯಿತು. ಈಗಲೂ ಆಗುತ್ತದೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೊನೆಯ ಕಂತು ಬಾರದ ಸಿನಿಮಾ, ವಾಪಸ್ ಬಂದ ಚೆಕ್ಕು, ಎಲ್ಲ ಕಂಡಿದ್ದೇನೆ. ಡಬ್ಬಿಂಗ್‌ಗೆ ಮುಂಚೆ ಲೆಕ್ಕ ಮುಗಿಸಿಕೊಳ್ಳಿ. ನಿಮ್ಮ ಧ್ವನಿ ಕೊಡುವ ತನಕ ಅವರಿಗೆ ನೀವು ಬೇಕು. ಧಾರಾವಾಹಿಯಲ್ಲಿ ಮರ್ಯಾದೆ ಕಡಿಮೆ ಅನ್ನುವವರಿದ್ದಾರೆ. ನನ್ನ ಮನೆ ಬಾಡಿಗೆ, ಮಗಳ ಫೀಸು ಎರಡನ್ನೂ ನಡೆಸಿದ್ದು ಧಾರಾವಾಹಿಯೇ. ಅದಕ್ಕೆ ನಾನು ಋಣಿ.

ಭಾಷೆಯ ಬಗ್ಗೆಯೂ ಒಂದು ಮಾತು. ರೌಡಿ ಅಂದ ಕೂಡಲೇ ಮಂಡ್ಯದ ಮಾತು ಇಲ್ಲವೇ ತಮಿಳು ಬೆರೆಸಿದ ಕನ್ನಡ ಆಡಿಸುವ ಅಭ್ಯಾಸ ನಮ್ಮಲ್ಲಿದೆ. ಒಂದು ಊರಿನ, ಒಂದು ಜನರ ಮಾತಿಗೇ ಕೆಟ್ಟ ಹೆಸರು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ನಾನು ಮೊದಲು ಕೇಳುವುದು ಇವನು ಮುಂಚೆ ಏನು ಕೆಲಸ ಮಾಡುತ್ತಿದ್ದ ಅಂತ. ಆಟೋ ಓಡಿಸುತ್ತಿದ್ದನಾ, ಗ್ಯಾರೇಜಿನಲ್ಲಿದ್ದನಾ, ಕಳಾಸಿಪಾಳ್ಯದಲ್ಲಿ ಲಾರಿ ಲೋಡ್ ಇಳಿಸುತ್ತಿದ್ದನಾ. ಕೆಲಸ ಗೊತ್ತಾದರೆ ಅವನು ಕೂರುವ ರೀತಿ, ಕೈ ಇಡುವ ರೀತಿ, ಮಾತು ಎಲ್ಲ ಅದರ ಹಿಂದೆಯೇ ಬರುತ್ತದೆ.

ಈಗ ಒಪ್ಪಿಕೊಂಡಿರುವುದು ವಯಸ್ಸಾದ ರೌಡಿಯ ಪಾತ್ರ. ಎಲ್ಲ ಬಿಟ್ಟು ಮೊಮ್ಮಗನನ್ನು ಸ್ಕೂಲಿಗೆ ಬಿಡುತ್ತಾ ಇದ್ದಾನೆ. ಆದರೆ ಸ್ಟೇಷನ್ನಿನಲ್ಲಿ ಅವನ ರೌಡಿಶೀಟ್ ಹಾಗೇ ಇದೆ. ಗಣೇಶನ ಹಬ್ಬಕ್ಕೆ, ಚುನಾವಣೆಗೆ ಮುಂಚೆ ಪರೇಡ್‌ಗೆ ಕರೆಯುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಹುಡುಗ ವಯಸ್ಸಿನ ಇನ್ಸ್‌ಪೆಕ್ಟರ್ ಎಲ್ಲರೆದುರು ಅವನಿಗೆ ಕ್ಲಾಸ್ ತೆಗೆದುಕೊಳ್ಳುವ ದೃಶ್ಯ ಇದೆ. ಬರೆದಿದ್ದ ನನ್ನ ಮಾತುಗಳಲ್ಲಿ "ಹೂಂ ಸಾರ್" ಒಂದನ್ನು ಉಳಿಸಿಕೊಂಡು ಮಿಕ್ಕದ್ದು ತೆಗೆಸಿದ್ದೇನೆ. ಇಷ್ಟು ವರ್ಷ ನನ್ನ ಎದುರಿಗೆ ನಿಂತು ಹೆದರಿದವರ ಕೆಲಸ ಈ ಸಲ ನನ್ನದು. ಇನ್ಸ್‌ಪೆಕ್ಟರ್ ಪಾತ್ರದ ಹುಡುಗ ಹೊಸಬ, ಹನುಮಂತನಗರದ ಕಡೆ ನಾಟಕ ಮಾಡಿಕೊಂಡಿದ್ದವನು. ಮುಂದಿನ ವಾರದಿಂದ ಸಾಯಂಕಾಲ ಇಬ್ಬರೂ ಕೂತು ಓದಿಕೊಳ್ಳೋಣ ಅಂತ ಮಾತಾಗಿದೆ.