ವೆನೀರ್ ಕೊಯ್ಯಲು ನಾನು ಬ್ಲೇಡ್ ಆರಿಸಿದ ಬಗೆ

ಪ್ಲೈವುಡ್ ಮೇಲೆ ಅಂಟಿಸುವ ತೆಳು ಮರದ ಹಾಳೆಯೇ ವೆನೀರ್. ಅಂಗಡಿಯಲ್ಲಿ ಸಿಗುವುದು ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತದೆ. ಅಂಚಿನಲ್ಲಿ ಸ್ಯಾಂಡ್ ಪೇಪರ್ ಎರಡು ಸಲ ಜಾಸ್ತಿ ಆಡಿಸಿದರೆ ಸಾಕು, ಕೆಳಗಿನ ಪ್ಲೈವುಡ್ ಇಣುಕುತ್ತದೆ. ಬ್ಯಾಂಡ್‌ಸಾದಲ್ಲಿ (ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸದ ಮೆಷಿನ್) ನಾನೇ ಕೊಯ್ದುಕೊಳ್ಳುವ ವೆನೀರ್ 2 ಮಿ.ಮೀ. ದಪ್ಪ. ಅಂಟಿಸಿ, ಹೆರೆದು, ಪಾಲಿಶ್‌ಗೆ ತಯಾರಾಗುವ ಹೊತ್ತಿಗೆ ಒಂದೂವರೆ ಉಳಿಯುತ್ತದೆ. ನಮ್ಮ ಆಚಾರಿಗಳ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅರ್ಧ ನೂಲು (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ). ನಾಳೆ ಗೀರು ಬಿದ್ದರೆ ಮತ್ತೆ ಹೆರೆಯಬಹುದು. ಟೇಬಲ್ಲಿನ ಮೇಲ್ಮೈ, ಅಂಚಿನ ಪಟ್ಟಿ, ಕಾಲು ಎಲ್ಲ ಒಂದೇ ಮರದಿಂದ ಬಂದರೆ ಬಣ್ಣವೂ ಹೊಂದುತ್ತದೆ. ಬೀಟೆ, ತೇಗದ ಬೆಲೆ ನೋಡಿದರೆ ಪೂರಾ ಹಲಗೆ ಹಾಕಿ ಟೇಬಲ್ ಮಾಡುವುದು ಹೇಗೂ ನನ್ನ ಕೈಲಾಗದ ಮಾತು.

ಇದಕ್ಕೆ ಯಾವ ಬ್ಲೇಡ್ ಒಳ್ಳೇದು ಅಂತ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಒಂದೇ: "ತೆಳ್ಳಗಿರೋದು ತಗೊಳ್ಳಿ, ಮರ ಪುಡಿಯಾಗಿ ಹೋಗೋದು ಕಮ್ಮಿ." ಕೇಳಲು ಸರಿ ಅನ್ನಿಸುತ್ತದೆ. ಆದರೂ ಒಂದು ಲೆಕ್ಕ ಹಾಕಿ ನೋಡಿದೆ. 25 ಮಿ.ಮೀ. ದಪ್ಪದ ಹಲಗೆ ಇದೆ ಅಂದುಕೊಳ್ಳಿ. ಬ್ಲೇಡ್ ತಿನ್ನುವುದು 1 ಮಿ.ಮೀ. ಆದರೆ 2 ಮಿ.ಮೀ. ದಪ್ಪದ 8 ಹಾಳೆ ಬರುತ್ತವೆ. ಬ್ಲೇಡ್ 1.6 ಮಿ.ಮೀ. ತಿಂದರೆ 7 ಹಾಳೆ. ವ್ಯತ್ಯಾಸ ಒಂದೇ ಹಾಳೆ ಅಲ್ವಾ? ಈಗ ಆ ತೆಳು ಬ್ಲೇಡ್ ಅಂಕುಡೊಂಕಾಗಿ ಕೊಯ್ಯಿತು ಅಂದುಕೊಳ್ಳಿ. ಉಬ್ಬುತಗ್ಗು ಹೆರೆದು ತೆಗೆಯಬೇಕಾದ್ದರಿಂದ ಪ್ರತಿ ಹಾಳೆಯನ್ನೂ 3 ಮಿ.ಮೀ. ಕೊಯ್ಯಬೇಕು. ಆಗ ಸಿಗುವುದು 6. ನಡುನಡುವೆ ಹಲಗೆಯ ಮುಖ ಹೆರೆಯುವುದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಹಾಗಾಗಿ ಬ್ಲೇಡ್ ಎಷ್ಟು ತಿನ್ನುತ್ತದೆ ಅನ್ನುವುದು ನನಗೆ ಎರಡನೇ ಪ್ರಶ್ನೆ. ನೇರವಾಗಿ ಹೋಗುತ್ತದಾ ಅನ್ನುವುದೇ ಮೊದಲನೆಯದು.

ನೇರ ಹೋಗಬೇಕು ಅಂದರೆ ಅಗಲದ ಬ್ಲೇಡ್ ಬೇಕು ಅಂತ ಇನ್ನೊಂದು ಮಾತಿದೆ. ಅದೂ ಅರ್ಧ ಮಾತ್ರ ನಿಜ. ನನ್ನದು 14 ಇಂಚು ಚಕ್ರದ ಮೆಷಿನ್. ಕೈಪಿಡಿಯಲ್ಲಿ ಮುಕ್ಕಾಲು ಇಂಚಿನ ಬ್ಲೇಡ್ ವರೆಗೆ ಹಾಕಬಹುದು ಅಂತಿದೆ. ಹಾಕಬಹುದು, ಸರಿ. ಆದರೆ ಅದನ್ನು ಸಾಕಷ್ಟು ಬಿಗಿ ಮಾಡಲು ಆಗುತ್ತದಾ? ಸಾಧಾರಣ ಕಾರ್ಬನ್ ಸ್ಟೀಲ್ ಬ್ಲೇಡಿಗೆ ಚದರ ಇಂಚಿಗೆ 15,000 ಪೌಂಡ್ ಬಿಗಿ ಬೇಕು. ಬೈಮೆಟಲ್ (ಪಟ್ಟಿ ಒಂದು ಲೋಹ, ಹಲ್ಲು ಇನ್ನೊಂದು), ಕಾರ್ಬೈಡ್ (ಹಲ್ಲಿನ ತುದಿ ಉಕ್ಕಿಗಿಂತ ಗಟ್ಟಿ ವಸ್ತುವಿನದು) ಬ್ಲೇಡಿಗೆ 25,000 ಅಥವಾ ಅದಕ್ಕಿಂತ ಜಾಸ್ತಿ. ಅರ್ಧ ಇಂಚಿಗಿಂತ ಮುಕ್ಕಾಲು ಇಂಚಿನ ಬ್ಲೇಡಿಗೆ ಮೆಷಿನ್ ಒಂದೂವರೆ ಪಟ್ಟು ಶಕ್ತಿ ಹಾಕಿ ಎಳೆಯಬೇಕು. 14 ಇಂಚಿನ ಮೆಷಿನ್ನಿನ ಸ್ಪ್ರಿಂಗ್ ಅಷ್ಟು ಹೊತ್ತಿಗೆ ಪೂರ್ತಿ ಒತ್ತಿಹೋಗಿರುತ್ತದೆ. ಸಡಿಲವಾದ ಅಗಲ ಬ್ಲೇಡಿಗಿಂತ ಬಿಗಿಯಾದ ಅರ್ಧ ಇಂಚಿನದೇ ಮೇಲು. ನಾನು ಇಟ್ಟುಕೊಂಡಿರುವುದೂ ಅದೇ.

ಬ್ಲೇಡಿನ ಪಟ್ಟಿ ಎಷ್ಟು ದಪ್ಪ ಅನ್ನುವುದನ್ನೂ ಕೇಳಿ ತೆಗೆದುಕೊಳ್ಳಿ. ಸಣ್ಣ ಮೆಷಿನ್ನಿಗೆ 0.025 ಇಂಚು ಸಾಕು. 0.035 ಇಂಚಿನದು ದೊಡ್ಡ ಚಕ್ರಗಳಿಗೆ. 14 ಇಂಚಿನ ಚಕ್ರಕ್ಕೆ ಹಾಕುವ ಬ್ಲೇಡಿನ ಉದ್ದ ಸಾಮಾನ್ಯವಾಗಿ 93.5 ಇಂಚು. ನಿಮಿಷಕ್ಕೆ 3000 ಅಡಿ ಓಡುವಾಗ ಅದು 380ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲೂ ಎರಡು ಸಲ ಬಾಗಿ ಎರಡು ಸಲ ನೇರವಾಗುತ್ತದೆ. ದಪ್ಪ ಪಟ್ಟಿ ಸಣ್ಣ ಚಕ್ರದ ಮೇಲೆ ಹೀಗೆ ಬಾಗಿ ಬಾಗಿ ಹಲ್ಲಿನ ಬುಡದಲ್ಲೇ ಬಿರುಕು ಬಿಡುತ್ತದೆ.

ಮೆಷಿನ್ ಮೇಲಿನ ಬಿಗಿಯ ಅಳತೆಪಟ್ಟಿಯನ್ನು ನಾನು ಜಾಸ್ತಿ ನಂಬುವುದಿಲ್ಲ. ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಮೇಲಿನ ಗೈಡನ್ನು (ಬ್ಲೇಡ್ ಅತ್ತಿತ್ತ ಸರಿಯದಂತೆ ಹಿಡಿಯುವ ಭಾಗ) 6 ಇಂಚು ಎತ್ತಿ ಬ್ಲೇಡನ್ನು ಬೆರಳಿನಿಂದ ಪಕ್ಕಕ್ಕೆ ಒತ್ತುತ್ತೇನೆ. ಕಾಲು ಇಂಚಿಗಿಂತ ಜಾಸ್ತಿ ಸರಿದರೆ ಇನ್ನೂ ತಿರುಗಿಸುತ್ತೇನೆ.

ಇನ್ನು ಹಲ್ಲು. ಹೊಸಬರು ತಪ್ಪದೆ ಕೇಳುವುದು, ಸಣ್ಣ ಹಲ್ಲು ಜಾಸ್ತಿ ಇದ್ದರೆ ನುಣುಪಾಗಿ ಕೊಯ್ಯುವುದಿಲ್ಲವೇ ಅಂತ. ಮುಕ್ಕಾಲು ಇಂಚಿನ ಹಲಗೆಗಾದರೆ ಹೌದು. ವೆನೀರ್ ಕೊಯ್ಯುವಾಗ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿರುತ್ತೇವೆ. 6 ಇಂಚು ಎತ್ತರದ ಮರದೊಳಗೆ ಹೊಕ್ಕ ಹಲ್ಲು ಆ 6 ಇಂಚಿನ ಪುಡಿಯನ್ನೂ ಹೊತ್ತುಕೊಂಡೇ ಕೆಳಗೆ ಬರಬೇಕು. ಆ ಪುಡಿಗೆ ಜಾಗ ಇರುವುದು ಎರಡು ಹಲ್ಲುಗಳ ನಡುವಿನ ಸಂದಿನಲ್ಲಿ ಮಾತ್ರ. ಸಂದು ಅರ್ಧ ದಾರಿಯಲ್ಲೇ ತುಂಬಿದರೆ ಹಲ್ಲು ಕೊಯ್ಯುವುದನ್ನು ಬಿಟ್ಟು ಉಜ್ಜುತ್ತದೆ. ಬ್ಲೇಡ್ ಬಿಸಿಯಾಗುತ್ತದೆ, ನಡುವೆ ಬಾಗುತ್ತದೆ. ಕೊಯ್ತ ಹೊಟ್ಟೆ ಬಿಡುತ್ತದೆ. ಮೇಲೆ ಕೆಳಗೆ ಅಳೆದರೆ ಸರಿಯಾಗಿಯೇ ಇರುತ್ತದೆ, ನಡುವೆ ಮಾತ್ರ ಒಂದು ಹಾಳೆ ತೆಳು, ಇನ್ನೊಂದು ದಪ್ಪ. ಅದಕ್ಕೇ ನಾನು ಇಂಚಿಗೆ 3 ಹಲ್ಲಿನ ಬ್ಲೇಡ್ ಹಾಕುತ್ತೇನೆ. ಹಲ್ಲಿನ ಮುಖ ತುಸು ಮುಂದಕ್ಕೆ ಬಾಗಿರುವ ಹುಕ್ ಮಾದರಿಯದು. ಗಟ್ಟಿ ಮರವನ್ನು ಅದು ತಾನೇ ಕಚ್ಚಿಕೊಂಡು ಹೋಗುತ್ತದೆ, ನಾವು ನೂಕುವ ಜೋರು ಕಮ್ಮಿ ಸಾಕು. ಅಷ್ಟಾದರೂ 6 ಇಂಚಿನ ಮರದಲ್ಲಿ ಒಂದೇ ಹೊತ್ತಿಗೆ 18 ಹಲ್ಲು ಇರುತ್ತವೆ. ಕಮ್ಮಿ ಏನಲ್ಲ.

ಇಲ್ಲಿಯವರೆಗಿನ ಮಾತು ಯಾವ ದೇಶದ ಮರಕ್ಕಾದರೂ ಒಂದೇ. ನಮ್ಮ ಮರಗಳ ತಕರಾರು ಬೇರೆ ಇದೆ. ತೇಗದಲ್ಲಿ ಸಿಲಿಕಾ ಇರುತ್ತದೆ, ಅಂದರೆ ಮರಳಿನಲ್ಲಿ ಇರುವ ವಸ್ತುವೇ. ಬೀಟೆಯಲ್ಲಿ ಅಲ್ಲಲ್ಲಿ ಸುಣ್ಣದಂಥ ಬಿಳಿ ಗಂಟು ಕೂತಿರುತ್ತದೆ. ಕಾರ್ಬನ್ ಸ್ಟೀಲ್ ಬ್ಲೇಡ್ ಹೊಸದಿದ್ದಾಗ ಎರಡನ್ನೂ ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಕೆಲವೇ ಹಾಳೆ ಕೊಯ್ಯುವಷ್ಟರಲ್ಲಿ ಸದ್ದು ಬದಲಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಅದರ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿಸಿರುತ್ತಾರೆ. ಒಂದು ಬದಿಯ ಹಲ್ಲು ಮೊದಲು ಮೊಂಡಾದರೆ ಬ್ಲೇಡ್ ಇನ್ನೊಂದು ಬದಿಗೆ ಎಳೆಯಲು ಶುರು ಮಾಡುತ್ತದೆ. ಹಲಗೆಯನ್ನು ಒರಗಿಸಿ ನೂಕುವ ಫೆನ್ಸ್ ಎಷ್ಟು ಸರಿ ಮಾಡಿದರೂ ಅಷ್ಟೆ.

ಹಾಗಾಗಿ ತೇಗ, ಬೀಟೆಗೆ ನಾನು ಕಾರ್ಬೈಡ್ ಹಲ್ಲಿನ ಬ್ಲೇಡಿಗೆ ಬಂದೆ. ಲೆನಾಕ್ಸ್ ಟ್ರೈಮಾಸ್ಟರ್ ಅಂಥದ್ದು ಅರ್ಧ ಇಂಚು ಅಗಲ, 3 ಹಲ್ಲಿನ ಲೆಕ್ಕದಲ್ಲಿ ಬರುತ್ತದೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಕಾರ್ಬನ್ ಬ್ಲೇಡಿಗಿಂತ ಹಲವು ಪಟ್ಟು. ಆದರೆ ಇದರ ಹಲ್ಲನ್ನು ಬಾಗಿಸಿರುವುದಿಲ್ಲ. ಪ್ರತಿ ಹಲ್ಲಿನ ತುದಿಯನ್ನೂ ಪಟ್ಟಿಗಿಂತ ಅಗಲವಾಗಿಟ್ಟು ಒಂದೇ ಅಳತೆಗೆ ಸಾಣೆ ಹಿಡಿದಿರುತ್ತಾರೆ. ಕೊಯ್ದ ಮುಖದಲ್ಲಿ ಗೆರೆ ತುಂಬಾ ಕಮ್ಮಿ. ಅಂಟಿಸುವ ಬದಿಯನ್ನು ಪ್ಲೇನರ್‌ನಲ್ಲಿ ಒಂದು ಸಲ ಹೊಡೆದಿರುತ್ತೇನೆ. ಕೊಯ್ದ ಮುಖ ಮೇಲೆ ಬರುತ್ತದೆ, ಅದಕ್ಕೆ ಹೆರೆಯುವ ತಗಡು ಮತ್ತು ಸ್ಯಾಂಡ್ ಪೇಪರ್ ಸಾಕು. ಮೊಂಡಾದರೆ ಮನೆಯಲ್ಲಿ ಅರದಿಂದ ಉಜ್ಜಿ ಚೂಪು ಮಾಡಲು ಆಗುವುದಿಲ್ಲ. ಕಾರ್ಬೈಡಿಗೆ ವಜ್ರದ ಸಾಣೆಯೇ ಬೇಕು.

ಸಿಲ್ವರ್ ಓಕ್, ಹಲಸಿನಂಥ ಮರಕ್ಕೆ ಇಷ್ಟು ಖರ್ಚು ಬೇಡ. ಕಾಫಿ ತೋಟದ ಸಿಲ್ವರ್ ಓಕ್ ಕೈ ಪಳಗಿಸಿಕೊಳ್ಳಲು ಬಹಳ ಒಳ್ಳೆಯ ಮರ, ಗಟ್ಟಿಯೂ ಅಲ್ಲ, ದುಬಾರಿಯೂ ಅಲ್ಲ. ಸರಿಯಾಗಿ ಸೀಳಿದರೆ ಅದರ ಹೊಳೆಯುವ ಚುಕ್ಕೆಗಳು ಚೆನ್ನಾಗಿ ಕಾಣುತ್ತವೆ. ಅದಕ್ಕೆ ಹೊಸ ಕಾರ್ಬನ್ ಬ್ಲೇಡ್ ಧಾರಾಳ ಸಾಕು. ಮರ ಪೂರಾ ಒಣಗಿರಲಿ. ಹಸಿ ಮರದ ಪುಡಿ ಸಂದಿನಲ್ಲಿ ಮೆತ್ತಿಕೊಳ್ಳುತ್ತದೆ, ಕೊಯ್ದ ಹಾಳೆಯೂ ಮರುದಿನಕ್ಕೆ ಸುರುಳಿ ಸುತ್ತಿರುತ್ತದೆ.

ಅಂಗಡಿಗೆ ಹೋಗಿ ಸುಮ್ನೆ "ಅರ್ಧ ಇಂಚಿನ ಬ್ಯಾಂಡ್‌ಸಾ ಬ್ಲೇಡ್ ಕೊಡಿ" ಅಂದರೆ ಕಬ್ಬಿಣ ಕೊಯ್ಯುವ ಬ್ಲೇಡ್ ಕೈಗೆ ಬರುವ ಸಾಧ್ಯತೆ ಇದೆ. ಇಂಚಿಗೆ 10, 14 ಹಲ್ಲು ಇರುತ್ತವೆ. ನೋಡಲು ಹೊಳೆಯುತ್ತದೆ, ನಮಗೆ ಪ್ರಯೋಜನವಿಲ್ಲ. ಉದ್ದ, ಅಗಲ, ಪಟ್ಟಿಯ ದಪ್ಪ, ಇಂಚಿಗೆ ಎಷ್ಟು ಹಲ್ಲು, ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗುವುದು ವಾಸಿ. ಸುರುಳಿಯಿಂದ ಕತ್ತರಿಸಿ ವೆಲ್ಡ್ ಮಾಡಿಕೊಟ್ಟರೆ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿ. ಉಬ್ಬು ಇದ್ದರೆ ಅಲ್ಲೇ ಉಜ್ಜಿಸಿ. ಇಲ್ಲದಿದ್ದರೆ ಪ್ರತಿ ಸುತ್ತಿಗೂ ಟಕ್ ಟಕ್ ಅನ್ನುತ್ತಾ ಮರದ ಮೇಲೆ ಗೆರೆ ಎಳೆಯುತ್ತದೆ.

ಹಳೇ ಮನೆಯ ತೊಲೆ, ಬಾಗಿಲ ಚೌಕಟ್ಟಿನ ಮರ ಸಿಕ್ಕಿದರೆ ಮಾತ್ರ ಕಾರ್ಬೈಡ್ ಬ್ಲೇಡ್ ಬಿಚ್ಚಿ ಗೋಡೆಗೆ ನೇತುಹಾಕುತ್ತೇನೆ. ಒಣಗಿ ಹದವಾದ ತೇಗ ಅಂಥ ಕಡೆಯೇ ಸಿಗುವುದು. ಆದರೆ ಒಳಗೆ ಮುರಿದ ಮೊಳೆ ಎಲ್ಲಿ ಕೂತಿರುತ್ತದೋ ಹೇಳಲಾಗದು. ಒಂದು ಮೊಳೆ ತಗುಲಿದರೆ ಕಾರ್ಬೈಡ್ ಹಲ್ಲು ಮುರಿದೇ ಹೋಗುತ್ತದೆ. ಅಯಸ್ಕಾಂತ ಆಡಿಸಿ, ಕಂಡ ಮೊಳೆಯೆಲ್ಲ ಕಿತ್ತು, ಮೊದಲ ಸೀಳು ಕಾರ್ಬನ್ ಬ್ಲೇಡಿನಲ್ಲೇ ಹಾಕುತ್ತೇನೆ. ಒಳಮುಖದಲ್ಲಿ ಕಪ್ಪು ಕಲೆ ಕಂಡರೆ ಹತ್ತಿರದಲ್ಲೆಲ್ಲೋ ಕಬ್ಬಿಣ ಇದೆ ಅಂತ ಅರ್ಥ. ಕಲೆ ಇಲ್ಲದ ಹಲಗೆ ಮಾತ್ರ ಕಾರ್ಬೈಡಿಗೆ ಹೋಗುತ್ತದೆ.